ಆಡಿಸಬೇಡಿ ಎನ್ನುವ ಹಕ್ಕು ಯಾರಿಗೆ?

ಪ್ರಶ್ನೆ: ನನ್ನ ಅಕ್ಕನ ಮಗ ಮೆಲ್ಬರ್ನಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಅವರದೇ ಒಂದು ಬಗೆಯ ಫುಟ್ಬಾಲ್ ಇದೆಯಂತೆ. ಅದರಲ್ಲಿ ತಲೆಗೆ ಪೆಟ್ಟಾದವನು ಎಷ್ಟೇ ದೊಡ್ಡ ಆಟಗಾರನಾಗಿರಲಿ, ಹನ್ನೆರಡು ದಿನ ಆಡುವಂತಿಲ್ಲವಂತೆ. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು ಎಂದು ಅಭಿಮಾನಿಗಳು ವಾರವಿಡೀ ಚರ್ಚೆ ಮಾಡುತ್ತಾರಂತೆ. ನಮ್ಮ ಕಡೆ ಕಬಡ್ಡಿಯಲ್ಲಿ ಮೊಣಗಂಟು ತಿರುಚಿದವನಿಗೆ ಸ್ಪ್ರೇ ಹೊಡೆದು, ಪಟ್ಟಿ ಸುತ್ತಿ, ಮತ್ತೆ ಅಂಕಣಕ್ಕೆ ಇಳಿಸುತ್ತಾರೆ. ‘ಇವನನ್ನು ಆಡಿಸಬೇಡಿ’ ಎನ್ನುವ ಹಕ್ಕು ಯಾರಿಗಿದೆ?
– ಓದುಗರೊಬ್ಬರು, ಮಂಡೆಕೋಲು

ಉತ್ತರ: ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಅಂಡಾಕಾರದ ಬಯಲಿನಲ್ಲಿ ಒಂದೊಂದು ಕಡೆ 18 ಜನ ಆಡುವ ಆಟ ಅದು. ಚೆಂಡೂ ಅಂಡಾಕಾರದ್ದೇ. ಒದೆಯಬಹುದು, ಮುಷ್ಟಿಯಿಂದ ಹೊಡೆದು ದಾಟಿಸಬಹುದು, ಚೆಂಡು ಹಿಡಿದವನನ್ನು ಕೆಡವಬಹುದು. ಓಡುತ್ತಾ ಬಂದು ಎದುರಾಳಿಯ ಬೆನ್ನ ಮೇಲೆ ಮಂಡಿಯೂರಿ ಹಾರಿ ಚೆಂಡು ಹಿಡಿಯುವವರೂ ಇದ್ದಾರೆ. ಇಂಥ ಆಟದಲ್ಲಿ ತಲೆಗೆ ಏಟು ಬೀಳದಿದ್ದರೇ ಆಶ್ಚರ್ಯ.

ಹನ್ನೆರಡು ದಿನದ ನಿಯಮ ಬಂದದ್ದು 2021ರಲ್ಲಿ. ಊರಿನ ಕ್ಲಬ್ಬುಗಳಿಗೆ ಇನ್ನೂ ಬಿಗಿ: 2024ರಿಂದ 21 ದಿನ. ವೃತ್ತಿಪರ ಆಟಗಾರನ ಸುತ್ತ ವೈದ್ಯರ ದಂಡೇ ಇರುತ್ತದೆ, ಊರಿನ ಹುಡುಗನನ್ನು ನೋಡುವವರು ಯಾರೂ ಇರುವುದಿಲ್ಲ. ಹಾಗಾಗಿ ಅವನಿಗೇ ಹೆಚ್ಚು ದಿನ. ನಮ್ಮಲ್ಲಿ ಇದು ಪೂರ್ತಿ ತಲೆಕೆಳಗು.

ಆ ನಿಯಮ ಇದ್ದೂ ಒಂದು ಪ್ರಕರಣ ಅಲ್ಲಿನ ಅಭಿಮಾನಿಗಳನ್ನು ಎರಡು ಪಾಲು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಕಾಲಿಂಗ್‌ವುಡ್ ಮತ್ತು ಮೆಲ್ಬರ್ನ್ ತಂಡಗಳ ನಡುವೆ ಫೈನಲ್ಸ್ ಹಂತದ ಪಂದ್ಯ. ಒದೆದ ಚೆಂಡನ್ನು ತಡೆಯಲು ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಗಾಳಿಯಲ್ಲಿ ಹಾರಿದ. ಇಳಿಯುವಾಗ ಅವನ ಭುಜ ಮೆಲ್ಬರ್ನ್‌ನ ಆಂಗಸ್ ಬ್ರೇಶಾ ತಲೆಗೆ ಬಡಿಯಿತು. ಬ್ರೇಶಾ ಪ್ರಜ್ಞೆ ತಪ್ಪಿ ಬಿದ್ದ. ಹೊಡೆದವನದು ತಪ್ಪಿಲ್ಲ ಎಂದು ಶಿಸ್ತು ಮಂಡಳಿ ಬಿಟ್ಟುಬಿಟ್ಟಿತು. ಆಟವೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಒಂದು ಪಕ್ಷ, ಹಾರಿದವನೇ ಹೊಣೆ ಎಂದು ಇನ್ನೊಂದು. 2024ರ ಫೆಬ್ರವರಿಯಲ್ಲಿ, 28ನೇ ವಯಸ್ಸಿಗೆ, ವೈದ್ಯರ ಸಲಹೆಯಂತೆ ಬ್ರೇಶಾ ಆಟವನ್ನೇ ಬಿಟ್ಟ. ಹಾಗೆ ಹಾರುವವನ ಹೊಣೆಯನ್ನು ಹೆಚ್ಚಿಸಿ ನಿಯಮ ತಿದ್ದಿದ್ದು ಆ ಪಂದ್ಯದ ಘಟನೆಯ ನಂತರ.

ಇನ್ನು ನಮ್ಮ ಕಬಡ್ಡಿಗೆ ಬರೋಣ. ಸುಳ್ಯ, ಪುತ್ತೂರು, ಕಡಬದಲ್ಲಿ ತಂಡದ ಆಯ್ಕೆಯ ಚರ್ಚೆಗೆ ಏನೂ ಕೊರತೆಯಿಲ್ಲ. ಗಣೇಶೋತ್ಸವ, ಮೊಸರುಕುಡಿಕೆ, ಯುವಕ ಮಂಡಲದ ವಾರ್ಷಿಕೋತ್ಸವ, ಯಾವುದಾದರೂ ನೆಪಕ್ಕೆ ಒಂದು ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ನಿಮ್ಮ ಮಂಡೆಕೋಲಿನ ಕಡೆ ರಾತ್ರಿ ಆನೆಗಳ ಭಯ ಇದ್ದರೂ ಫೈನಲ್ ಮುಗಿಯದೆ ಎದ್ದು ಹೋಗುವವರನ್ನು ಕಾಣೆ. ಗಡಿಯಾಚೆಯ ಅಡೂರಿನವರೂ ಬಂದು ಕೂತಿರುತ್ತಾರೆ. ‘ಹೊರಗಿನಿಂದ ಇಬ್ಬರನ್ನು ತಂದದ್ದು ಯಾಕೆ, ನಮ್ಮ ಹುಡುಗ ಕಾರ್ನರಿಗೆ ಸಾಲದಾ?’ ಎಂಬ ಮಾತು ಚಾ ಅಂಗಡಿಯಲ್ಲಿ ಮರುದಿನವೂ ಮುಗಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಜಗಳ ಒಳ್ಳೆಯದೇ. ಚಂದಾ ಕೊಟ್ಟವನಿಗೆ, ನಿದ್ದೆಗೆಟ್ಟು ಕೂತವನಿಗೆ ಅಷ್ಟು ಹಕ್ಕೂ ಇಲ್ಲದಿದ್ದರೆ ಹೇಗೆ?

ಆಯ್ಕೆಯ ಜಗಳ ಚಾ ಅಂಗಡಿ ದಾಟಿ ನ್ಯಾಯಾಲಯಕ್ಕೆ ಹೋದದ್ದೂ ಇದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಭಾರತದ ಕಬಡ್ಡಿ ತಂಡಗಳನ್ನು ಆರಿಸಿದ್ದು ಸರಿಯಿಲ್ಲ ಎಂದು ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮಾಜಿ ಆಟಗಾರ, ನಮ್ಮ ಕರ್ನಾಟಕದ ಹೊನ್ನಪ್ಪ ಗೌಡರೂ ಇದ್ದರು. ತಂಡ ಹೋಗಿ ಬರಲಿ, ಬಂದ ಮೇಲೆ ಆಯ್ಕೆಯಾದವರೂ ಆಗದವರೂ ಆಡಿ ತೋರಿಸಲಿ ಎಂದು ನ್ಯಾಯಾಲಯ ಆದೇಶಿಸಿತು. ದಿನ ಸೆಪ್ಟೆಂಬರ್ 15, ಉಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಎಸ್.ಪಿ. ಗರ್ಗ್. ಅಷ್ಟರೊಳಗೆ ಜಕಾರ್ತಾದಲ್ಲಿ ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನಿಗೆ 18–27ರಲ್ಲಿ ಸೋತಿತ್ತು. 1990ರಿಂದ ಒಮ್ಮೆಯೂ ಕೈತಪ್ಪದ ಚಿನ್ನ ಅದು. ಮಹಿಳೆಯರೂ ಫೈನಲ್‌ನಲ್ಲಿ ಇರಾನಿಗೇ 24–27ರಲ್ಲಿ ಸೋತರು. ಹೇಳಿದ ದಿನ ಹೇಳಿದ ಮೈದಾನಕ್ಕೆ ಅರ್ಜಿದಾರರ ಕಡೆಯವರು ಬಂದರು, ರಾಷ್ಟ್ರೀಯ ತಂಡ ಬರಲೇ ಇಲ್ಲ. ಆ ಪಂದ್ಯ ನಡೆದಿದ್ದರೆ ಎಂಥ ಜನ ಸೇರುತ್ತಿತ್ತು ಎಂದು ಈಗಲೂ ಅನ್ನಿಸುವುದುಂಟು.

ಗಮನಿಸಿ, ಆ ಗಲಾಟೆಯಲ್ಲಿ ಯಾರು ಯೋಗ್ಯ ಎಂಬ ಪ್ರಶ್ನೆ ಇತ್ತು, ಯಾರ ಮೈ ಆಡುವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆ ಇರಲಿಲ್ಲ. ನೀವು ಕೇಳಿದ್ದು ಈ ಎರಡನೆಯದನ್ನು. ನಮ್ಮಲ್ಲಿ ಅದು ಚರ್ಚೆಗೇ ಬರುವುದಿಲ್ಲ.

ಕಬಡ್ಡಿಯಲ್ಲಿ ಮೊಣಗಂಟು ಹೋಗುವ ರೀತಿ ನೋಡಿ. ದಾಳಿಗಾರ ಬೋನಸ್ ಗೆರೆ ದಾಟಲು ಒಂದು ಕಾಲು ಚಾಚಿದ್ದಾನೆ. ಕಾರ್ನರಿನವನು ಪಾದದ ಗಂಟು ಹಿಡಿದ. ಅದೇ ಕ್ಷಣಕ್ಕೆ ಕವರ್‌ನವನು ಬಂದು ಡ್ಯಾಶ್ ಕೊಟ್ಟ. ಪಾದ ಇದ್ದಲ್ಲೇ ಉಳಿಯಿತು, ಮೈ ತಿರುಗಿತು. ಹಿಂದೆ ಮಣ್ಣಿನ ಅಂಕಣದಲ್ಲಿ ಮೈ ತರಚಿ ರಕ್ತ ಬರುತ್ತಿತ್ತು, ಆದರೆ ಕಾಲು ಜಾರುತ್ತಿತ್ತು. ಮ್ಯಾಟಿನಲ್ಲಿ ಶೂ ಕಚ್ಚಿ ಹಿಡಿಯುತ್ತದೆ. ಒಳಗೆ ‘ಟಪ್’ ಎಂದದ್ದು ಆಟಗಾರನಿಗೇ ಕೇಳಿಸುವುದುಂಟು. ಕೆಲವೇ ಗಂಟೆಯಲ್ಲಿ ಮೊಣಗಂಟು ಊದಿಕೊಂಡರೆ ಎ.ಸಿ.ಎಲ್. ಎಂಬ ಒಳಗಿನ ಕಟ್ಟು ಹರಿದಿದೆಯೋ ಎಂದು ವೈದ್ಯರು ಮೊದಲು ಸಂಶಯಪಡುತ್ತಾರೆ. ಶಸ್ತ್ರಚಿಕಿತ್ಸೆ ಆದರೆ ಮರಳಿ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ನೀವು ಹೇಳಿದ ಸ್ಪ್ರೇ ಚರ್ಮವನ್ನು ತಣ್ಣಗೆ ಮಾಡಿ ಕೆಲವು ನಿಮಿಷ ನೋವು ಮರೆಸುತ್ತದೆ, ಅಷ್ಟೇ. ಒಳಗೆ ಹರಿದದ್ದು ಹರಿದೇ ಇರುತ್ತದೆ. ಆ ಕಾಲಿನಲ್ಲೇ ಇನ್ನೆರಡು ದಾಳಿ ಮಾಡಿದರೆ ಪಕ್ಕದ ಮೃದ್ವಸ್ಥಿಯೂ ಹಾಳಾಗಬಹುದು. ಸ್ಪ್ರೇ ಹೊಡೆಯುವುದೇ ಚಿಕಿತ್ಸೆ ಎಂದು ನಂಬಿದ ಎಷ್ಟೋ ಹುಡುಗರು ಮೂವತ್ತಕ್ಕೇ ಮೆಟ್ಟಿಲು ಇಳಿಯಲು ಕೈಯಾಸರೆ ಹುಡುಕುತ್ತಾರೆ.

ದೊಡ್ಡವರ ಕಥೆ ಬೇರೆ. 2022ರ ಪ್ರೊ ಕಬಡ್ಡಿಗೆ ತಮಿಳ್ ತಲೈವಾಸ್ ಪವನ್ ಸೆಹ್ರಾವತ್‌ನನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟವನು ಅವನು. ಹೊಸ ತಂಡದ ಮೊದಲ ಪಂದ್ಯ, ಅದೂ ಬೆಂಗಳೂರಿನಲ್ಲೇ, ಮೊಣಗಂಟಿಗೆ ಪೆಟ್ಟಾಗಿ ಸ್ಟ್ರೆಚರಿನಲ್ಲಿ ಹೊರಗೆ ಹೋದ. ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಅಷ್ಟು ದುಡ್ಡು ಸುರಿದ ಮಾಲೀಕರೂ ಅವನನ್ನು ಅರ್ಧಕ್ಕೆ ಎಬ್ಬಿಸಿ ತರಲಿಲ್ಲ. ತಂಡ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿದ್ದು ಅವನಿಲ್ಲದ ಅದೇ ವರ್ಷ. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವನೇ ನಾಯಕನಾಗಿ ಭಾರತಕ್ಕೆ ಚಿನ್ನ ಬಂತು.

ಕ್ರಿಕೆಟ್ಟಿನಲ್ಲೂ ಇಂಥದೇ ನಡೆಯಿತು. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ ಐದು ಟೆಸ್ಟ್‌ಗಳಲ್ಲಿ ಮೂರನ್ನಷ್ಟೇ ಆಡುತ್ತಾನೆ ಎಂದು ಮೊದಲೇ ಹೇಳಿದ್ದರು, ಬೆನ್ನಿನ ತೊಂದರೆಯ ಕಾರಣಕ್ಕೆ. ದೇಶವೇ ಬೈಯಿತು. ಕೊನೆಗೆ ಭಾರತ ಗೆದ್ದ ಎರಡೂ ಟೆಸ್ಟ್, ಎಜ್‌ಬಾಸ್ಟನ್ ಮತ್ತು ಓವಲ್, ಬುಮ್ರಾ ಇಲ್ಲದವು. ಇದರಿಂದ ಅವನು ಬೇಡವಾದ ಎಂದೇನೂ ಸಾಬೀತಾಗುವುದಿಲ್ಲ. ಅವನಿಲ್ಲದೆ ಆಗದು ಎಂದು ಬೈದವರ ವಾದವಂತೂ ನಿಲ್ಲಲಿಲ್ಲ.

ತಲೆಯ ಪೆಟ್ಟಿನದು ಮೊಣಗಂಟಿಗಿಂತ ಕಷ್ಟದ ವಿಷಯ, ಯಾಕೆಂದರೆ ಊತ ಕಾಣುವುದಿಲ್ಲ. ಹಿಡಿತಗಾರನ ಮಂಡಿ ಕಪಾಳಕ್ಕೆ ಬಡಿದು ಬಿದ್ದವನು ಎದ್ದು ನಿಂತು ‘ಏನಿಲ್ಲ, ಆಡುತ್ತೇನೆ’ ಎನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಪೆಟ್ಟು ಬಿದ್ದಿರುವುದು ಮಿದುಳಿಗೆ, ನಾವು ಆಡುತ್ತೀಯಾ ಎಂದು ಕೇಳುತ್ತಿರುವುದೂ ಅದೇ ಮಿದುಳನ್ನು! ತಲೆಸುತ್ತು, ವಾಂತಿ, ಮಂಜಾದ ನೋಟ, ಅಂಕ ಎಷ್ಟೆಂದು ನೆನಪಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನ ಅವನ ಆಟ ಮುಗಿಯಬೇಕು. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು. ಸುಳ್ಯದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಮೊದಲ ಪೆಟ್ಟು ಮಾಸುವ ಮುನ್ನ ಬೀಳುವ ಎರಡನೆಯದು ಜೀವಕ್ಕೇ ಕುತ್ತಾಗಬಹುದು.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೆ ಬಿಡಲಾಗದು. 55 ಕೆ.ಜಿ., 60 ಕೆ.ಜಿ., 65 ಕೆ.ಜಿ. ವಿಭಾಗದ ಪಂದ್ಯಾಟಗಳು ಬಂದ ಮೇಲೆ ತೂಕ ಇಳಿಸುವ ಹುಚ್ಚು ಹತ್ತಿದೆ. ಎರಡು ಮೂರು ಕೆ.ಜಿ. ಜಾಸ್ತಿ ಇರುವ ಒಳ್ಳೆಯ ದಾಳಿಗಾರನನ್ನು ಕೈಬಿಡಲು ತಂಡಕ್ಕೆ ಮನಸ್ಸಿಲ್ಲ. ಅವನು ಹಿಂದಿನ ದಿನದಿಂದ ಅನ್ನ ನೀರು ಬಿಟ್ಟು, ದಪ್ಪ ಜಾಕೆಟ್ ಹಾಕಿ ಬಿಸಿಲಿಗೆ ಓಡಿ, ತಕ್ಕಡಿ ಹತ್ತಿ ಇಳಿದ ಮೇಲೆ ಗಟಗಟ ನೀರು ಕುಡಿದು ಅಂಕಣಕ್ಕೆ ಬರುತ್ತಾನೆ. ಚಿಕ್ಕವರಿಗೆ ನ್ಯಾಯ ಸಿಗಲೆಂದು ಮಾಡಿದ ವಿಭಾಗ ಹೀಗೆ ಬಳಕೆಯಾಗುತ್ತಿದೆ. ಆಯ್ಕೆ ಮಾಡುವವರೇ ಇದಕ್ಕೆ ಹೊಣೆ.

ಈಗ ನಿಮ್ಮ ನೇರ ಪ್ರಶ್ನೆಗೆ. ಇವನಿಗಿಂತ ಅವನು ಮೇಲು ಎಂದು ಹೇಳುವ ಹಕ್ಕು ನಿಮಗೂ ಇದೆ, ನನಗೂ ಇದೆ. ಇವನು ಈಗ ಆಡಬಹುದೇ ಎಂಬ ತೀರ್ಮಾನ ಮಾತ್ರ ಆ ಕಪ್ ಬೇಕಾದವರ ಕೈಯಲ್ಲಿ ಇರಬಾರದು. ಅಂದರೆ ಕೋಚ್ ಅಲ್ಲ, ನಾಯಕ ಅಲ್ಲ, ಪ್ರಾಯೋಜಕರಂತೂ ಅಲ್ಲವೇ ಅಲ್ಲ, ಆಟಗಾರನೂ ಅಲ್ಲ. ಪಂದ್ಯಾಟದ ಕರಪತ್ರದಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂದು ಅಚ್ಚು ಹಾಕಿಸುತ್ತಾರಲ್ಲ, ಅದರ ಕೆಳಗೆ ‘ಗಾಯಾಳು ಆಡಬಹುದೇ ಎಂಬುದರಲ್ಲಿ ವೈದ್ಯರ ಅಥವಾ ಫಿಸಿಯೋಥೆರಪಿಸ್ಟರ ಮಾತೇ ಅಂತಿಮ’ ಎಂದು ಇನ್ನೊಂದು ಸಾಲು ಸೇರಿಸಿದರೆ ಹಕ್ಕು ಯಾರದೆಂದು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ಶಾಮಿಯಾನ, ಧ್ವನಿವರ್ಧಕ, ಸನ್ಮಾನದ ಶಾಲುಗಳಿಗೆ ಆಗುವ ಖರ್ಚಿನ ಎದುರು ಒಬ್ಬ ಫಿಸಿಯೋಥೆರಪಿಸ್ಟರನ್ನು ರಾತ್ರಿಯಿಡೀ ಕೂರಿಸುವುದು ದೊಡ್ಡದಲ್ಲ. ಅಂಥವರು ಸಿಗದ ಕಡೆ ಎರಡೂ ತಂಡಕ್ಕೆ ಸೇರದ ಮುಖ್ಯ ತೀರ್ಪುಗಾರರಿಗೆ ಆ ಅಧಿಕಾರ ಕೊಡಲಿ.

ಇಷ್ಟಾದರೂ ಗಾಯಾಳುವನ್ನು ಆಡಿಸುವುದು ನಿಲ್ಲದು, ಯಾಕೆಂದರೆ ಎಷ್ಟೋ ಸಲ ಬೇರೆ ಆಟಗಾರನೇ ಇರುವುದಿಲ್ಲ. ಕಬಡ್ಡಿಯಲ್ಲಿ 12 ಜನರ ಯಾದಿ ಕೊಡಬಹುದು, ಅಂಕಣದಲ್ಲಿ 7, ಹೊರಗೆ 5. ಊರಿನ ತಂಡಗಳು ಜೀಪಿನಲ್ಲಿ ಏಳೆಂಟು ಜನರಷ್ಟೇ ಬರುತ್ತವೆ. ಹೆಚ್ಚು ಜನ ಬಂದರೆ ಬಹುಮಾನದ ಪಾಲು ಸಣ್ಣದಾಗುತ್ತದೆ, ಹೊರಗಿನಿಂದ ತಂದವರಿಗೆ ಬೇರೆ ಕೊಡಬೇಕು. ಅಲ್ಲಿಗೆ ಮೊಣಗಂಟು ತಿರುಚಿದವನೇ ಗತಿ. ಮುಂದಿನ ಪಂದ್ಯಾಟಕ್ಕೆ ಯಾದಿ ಮಾಡುವಾಗ ನಿಮ್ಮೂರಿನವರು ಕಾರ್ನರಿಗೆ ಯಾರು ಎಂದು ಜಗಳಾಡಿ ಮುಗಿದ ಮೇಲೆ, ಬೆಂಚಿಗೆ ಯಾರು ಯಾರು ಬರುತ್ತಾರೆ ಎಂದೂ ಸ್ವಲ್ಪ ಜೋರಾಗಿಯೇ ಕೇಳಲಿ.