ವಿಜ್ಞಾನಿಯ ಬದುಕು, ಕೋನಮಾಪಕ ಮತ್ತು ಹಂಚಿನ ಮಾಡು

ತರಗತಿ: 9
ವಿಷಯ: ವಿಜ್ಞಾನ (ಪೂರಕ ಪಾಠ) – ಸುದೀಪ್ತಾ ಸೇನ್‌ಗುಪ್ತಾ
ಅವಧಿ: 40 ನಿಮಿಷ
ಬೋಧನೋಪಕರಣಗಳು: ಗ್ಲೋಬ್, ಕೋನಮಾಪಕ, ದಾರ, ಸಣ್ಣ ಕಲ್ಲು, ದಿಕ್ಸೂಚಿ

ಉದ್ದೇಶ: ವಿಜ್ಞಾನಿಗಳ ಜೀವನದ ಪಾಠ ಹೆಚ್ಚಾಗಿ ಇಸವಿ, ಪ್ರಶಸ್ತಿಗಳ ಪಟ್ಟಿಯಾಗಿಬಿಡುತ್ತದೆ. ಅವರು ಮಾಡಿದ ಕೆಲಸದ ಒಂದು ಅಂಶವನ್ನಾದರೂ ಮಕ್ಕಳು ತಮ್ಮ ಕೈಯಿಂದ ಮಾಡಿ ನೋಡಬೇಕು.

ವಿಷಯ ಮಂಡನೆ: ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟಿತು. ಅದರಲ್ಲಿ ಮಹಿಳೆಯರಿರಲಿಲ್ಲ. 1983–84ರ ಮೂರನೇ ತಂಡದಲ್ಲಿ ಇಬ್ಬರಿದ್ದರು: ಸಾಗರ ವಿಜ್ಞಾನಿ ಅದಿತಿ ಪಂತ್, ಜಾದವಪುರ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸುದೀಪ್ತಾ. ತೇನ್‌ಸಿಂಗ್ ನೋರ್ಗೆ ಅವರಲ್ಲಿ ಪರ್ವತಾರೋಹಣ ಕಲಿತಿದ್ದ ಸುದೀಪ್ತಾ, ಷಿರ್ಮಾಕರ್ ಬೆಟ್ಟಗಳ ಶಿಲಾರಚನೆಯನ್ನು ಅಧ್ಯಯನ ಮಾಡಿದರು. 1989ರಲ್ಲಿ ಮತ್ತೆ ಹೋದರು. 1991ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು.

ಇಲ್ಲಿ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ: "ಅಲ್ಲ್ ಬರೀ ಹಿಮ ಅಲ್ದಾ ಟೀಚರ್, ಕಲ್ಲ್ ಎಲ್ಲಿತ್ತ್?" ಪಾಠದ ತಿರುಳಿಗೆ ದಾರಿ ಮಾಡಿಕೊಟ್ಟ ಪ್ರಶ್ನೆಯಿದು. ಷಿರ್ಮಾಕರ್ ಹಿಮ ಮುಚ್ಚದ ಬಂಡೆಯ ನೆಲ. ಭಾರತದ 'ಮೈತ್ರಿ' ಕೇಂದ್ರ ಇರುವುದೂ ಅಲ್ಲೇ. ಭಾರತ, ಅಂಟಾರ್ಕ್ಟಿಕಾ ಎರಡೂ ಒಂದು ಕಾಲದಲ್ಲಿ ಗೊಂಡ್ವಾನ ಭೂಭಾಗದಲ್ಲಿ ಸೇರಿದ್ದವು. ಆದ್ದರಿಂದ ಅಲ್ಲಿಯ ಕಲ್ಲು ನಮ್ಮ ನೆಲದ ಹಳೆಯ ಕಥೆಯನ್ನೂ ಹೇಳುತ್ತದೆ.

ಚಟುವಟಿಕೆ: ಭೂವಿಜ್ಞಾನಿ ಬಂಡೆಯ ಪದರ ಯಾವ ದಿಕ್ಕಿಗೆ, ಎಷ್ಟು ಕೋನದಲ್ಲಿ ವಾಲಿದೆ ಎಂದು ಅಳೆದು ನಕ್ಷೆಯಲ್ಲಿ ಗುರುತಿಸುತ್ತಾರೆ. ನಮ್ಮ ಹಂಚಿನ ಮಾಡು ಇದಕ್ಕೆ ಒಳ್ಳೆಯ ಮಾದರಿ. ಮಳೆನೀರು ಇಳಿಯುವ ದಿಕ್ಕೇ ವಾಲಿಕೆಯ ದಿಕ್ಕು. ಕೋನಮಾಪಕದ ಕೇಂದ್ರಕ್ಕೆ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಅದರ ನೇರ ಅಂಚನ್ನು ಓರೆಯಾಗಿಟ್ಟ ಹಲಗೆಗೆ ಹೊಂದಿಸಬೇಕು. ದಾರ 90 ಡಿಗ್ರಿಯಿಂದ ಎಷ್ಟು ಸರಿದಿದೆಯೋ ಅಷ್ಟೇ ವಾಲಿಕೆ. ದಿಕ್ಕಿಗೆ ದಿಕ್ಸೂಚಿ ಬೇಕು. ಆದರೆ ಕಾಂತಧ್ರುವ, ಭೌಗೋಳಿಕ ಧ್ರುವ ಒಂದೇ ಕಡೆ ಇಲ್ಲ. ನಮ್ಮ ಕರಾವಳಿಯಲ್ಲಿ ಈ ವ್ಯತ್ಯಾಸ ಸಣ್ಣದು. ಷಿರ್ಮಾಕರ್‌ನಲ್ಲಿ ದೊಡ್ಡದು, ತಿದ್ದದಿದ್ದರೆ ನಕ್ಷೆಯೇ ತಪ್ಪುತ್ತದೆ.

ಮೌಲ್ಯಮಾಪನ:
1. ಹಲಗೆ ಸಮತಟ್ಟಾಗಿದ್ದರೆ ದಾರ ಎಲ್ಲಿ ನಿಲ್ಲುತ್ತದೆ? ಏಕೆ?
2. ಡಿಸೆಂಬರ್‌ನಲ್ಲಿ ಷಿರ್ಮಾಕರ್‌ನಲ್ಲಿ ಸೂರ್ಯ ಮುಳುಗುವುದಿಲ್ಲ. ಗ್ಲೋಬ್ ಬಳಸಿ ವಿವರಿಸಿ.
3. ಮೊದಲ ತಂಡದಲ್ಲಿ ಮಹಿಳೆಯರಿಲ್ಲದ್ದು ಸಾಮರ್ಥ್ಯದ ಕೊರತೆಯಿಂದಲೇ? ಸುದೀಪ್ತಾ ಅವರ ಸಿದ್ಧತೆಯನ್ನು ಆಧಾರವಾಗಿಟ್ಟು ಉತ್ತರಿಸಿ.

ಬೋಧಕರ ಗಮನಕ್ಕೆ: ಮೂರನೇ ಪ್ರಶ್ನೆಗೆ ಸಮಯ ಉಳಿಸಿಕೊಳ್ಳಿ. ಅಳತೆಯ ಗುಂಪುಗಳಲ್ಲಿ ಹುಡುಗರು ಅಳೆಯುವುದು, ಹುಡುಗಿಯರು ಬರೆದುಕೊಳ್ಳುವುದು ಎಂಬ ವಿಂಗಡಣೆ ತಾನಾಗಿಯೇ ಆಗುತ್ತದೆ. ಐದು ನಿಮಿಷಕ್ಕೊಮ್ಮೆ ಉಪಕರಣ ಕೈ ಬದಲಾಗಬೇಕು. ಅದಾಗದಿದ್ದರೆ ಪಾಠ ಹೇಳುವುದೊಂದು, ತರಗತಿ ಕಲಿಸುವುದು ಇನ್ನೊಂದು.

ಗೃಹಪಾಠ: ಮನೆಯ ಹತ್ತಿರದ ಯಾವುದಾದರೂ ಇಳಿಜಾರಿನ ವಾಲಿಕೆ, ದಿಕ್ಕು ಅಳೆದು ಚಿತ್ರ ಬರೆದು ತನ್ನಿ. ಮಾಡು ಹತ್ತಬೇಡಿ.