ಬಿಲ್ಲು ಜೋಪಾನ, ಕಂತು ನಿಲ್ಲಿಸಬೇಡಿ

ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನ ಕುರಕುಂಭದ ಕಾರ್ಖಾನೆಗಳಿಗೆ ದುಡಿಯಲು ಬಂದು ಬಾಡಿಗೆ ಕೋಣೆ ಹಿಡಿದವರು ಮೊದಲು ಕೊಳ್ಳುವುದು ಮಿಕ್ಸರೋ ಫ್ರಿಜ್ಜೋ. ಅದು ವಾರದೊಳಗೆ ಕೆಟ್ಟರೆ ಅಂಗಡಿಯವನು ಬಿಲ್ಲಿನ ಕೆಳಗಿನ ಸಾಲು ತೋರಿಸುತ್ತಾನೆ: ಮಾರಿದ ಮಾಲು ವಾಪಸ್ ಇಲ್ಲ. ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೇ. ತೆರಿಗೆ ಉಳಿಯುತ್ತೆ ಅಂತ ಬಿಳಿ ಚೀಟಿಗೆ ಒಪ್ಪಿದಿರೋ, ಅಲ್ಲೇ ಅರ್ಧ ಸೋತಿರಿ!

ಕೌಂಟರಿನಲ್ಲಿ ಕೂಗಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಾದರೂ ಬರೆದು, ಕೆಟ್ಟ ಭಾಗದ ವಿಡಿಯೋ ಕಳಿಸಿ. ಸಾಲದಲ್ಲಿ ಕೊಂಡಿದ್ದರೆ, ಸಿಟ್ಟಿನಲ್ಲಿ ಕಂತು ಮಾತ್ರ ನಿಲ್ಲಿಸಬೇಡಿ. ಸಾಲ ಕೊಟ್ಟವರಿಗೂ ನಿಮ್ಮ ಫ್ರಿಜ್ಜಿಗೂ ಸಂಬಂಧವಿಲ್ಲ, ಕೆಡುವುದು ನಿಮ್ಮ ಸಿಬಿಲ್ ಅಂಕ.

ಅಂಗಡಿಯವನು ಜಗ್ಗದಿದ್ದರೆ 1915ಕ್ಕೆ ಕರೆ ಮಾಡಿ. ಮರಾಠಿ ಬಾರದಿದ್ದರೂ ಚಿಂತೆಯಿಲ್ಲ, ಈ ರಾಷ್ಟ್ರೀಯ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ: ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಕಲಬುರಗಿಯಲ್ಲಿ ಕೊಂಡು ತಂದಿದ್ದರೂ, ನೀವಿರುವುದು ಕುರಕುಂಭದಲ್ಲಾದರೆ ದೂರು ಪುಣೆಯಲ್ಲೇ ಕೊಡಬಹುದು.