ಸಂಜೆಯ ಚಹಾ ಮತ್ತು ಮಧುಮೇಹಿಯ ತಟ್ಟೆ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಗಾಯ ಮಾಗದೆ ಕಾಲ್ಬೆರಳು ಕಳೆದುಕೊಂಡವರು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗುವವರು, ದೃಷ್ಟಿ ಮಂಜಾದವರು. ಕಾಗದಪತ್ರ ತಿರುವಿದರೆ ಹಿಂದಿರುವ ಕಾರಣ ಅನೇಕ ಬಾರಿ ಒಂದೇ: ವರ್ಷಗಟ್ಟಲೆ ಲೆಕ್ಕವಿಡದ ಸಕ್ಕರೆ ಕಾಯಿಲೆ. ನಾನೂ ಮಧುಮೇಹಿಯೇ. ಔಷಧದ ಮಾತು ವೈದ್ಯರಿಗೆ ಬಿಟ್ಟು, ನಿವೃತ್ತ ಬ್ಯಾಂಕ್ ಅಧಿಕಾರಿಗೆ ತಿಳಿದ ಲೆಕ್ಕದ ಮಾತನ್ನಷ್ಟೇ ಹೇಳುತ್ತೇನೆ.

ಎಂಟು ಗಂಟೆಯ ಅಂತರ

ಟಿಟ್ವಾಳಾದಿಂದ ಫೋರ್ಟ್‌ನ ಶಾಖೆಗೆ ಲೋಕಲ್‌ನಲ್ಲಿ ಒಂದೂವರೆ ಗಂಟೆಗೂ ಮೀರಿದ ಪ್ರಯಾಣ. ಮಧ್ಯಾಹ್ನ ಒಂದಕ್ಕೆ ಡಬ್ಬಿ ಊಟ, ರಾತ್ರಿ ಒಂಬತ್ತಕ್ಕೆ ಮನೆ ಊಟ. ನಡುವಿನ ಎಂಟು ಗಂಟೆಯನ್ನು ತುಂಬುತ್ತಿದ್ದುದು ಕಲ್ಯಾಣದಲ್ಲಿಳಿದು ತಿಂದ ವಡಾಪಾವ್ ಮತ್ತು ಸಿಹಿ ಚಹಾ. ನಿವೃತ್ತಿಯ ನಂತರ ರೈಲು ತಪ್ಪಿತು, ಚಟ ತಪ್ಪಲಿಲ್ಲ. ಚಹಾಕ್ಕೆ ಸಕ್ಕರೆ ಬಿಟ್ಟೆ, 'ಶುಗರ್ ಫ್ರೀ' ಬಿಸ್ಕೆಟ್ ಹಿಡಿದೆ. ದಿನಕ್ಕೆ ಐದಾರು.

ವೈದ್ಯರ ಸಲಹೆಯಂತೆ ಒಂದು ಸಂಜೆ ಗ್ಲೂಕೋಮೀಟರಿನಲ್ಲಿ ನೋಡಿಕೊಂಡೆ. ತಿನ್ನುವ ಮೊದಲು 138, ಎರಡು ಗಂಟೆಯ ನಂತರ 214. ಇನ್ನೊಂದು ಸಂಜೆ ಅದೇ ಹೊತ್ತಿಗೆ ಒಂದು ಬಟ್ಟಲು ಹೆಸರುಕಾಳಿನ ಉಸಳಿ ತಿಂದಾಗ 162. "ಬ್ಯಾಂಕಿನಲ್ಲಿ ಪೈಸೆಪೈಸೆಗೂ ಲೆಕ್ಕ ಹಿಡಿದವರಿಗೆ ಬಿಸ್ಕೆಟಿನ ಲೆಕ್ಕ ಸಿಗಲಿಲ್ಲವೇ?" ಎಂದು ಮನೆಯವಳು ಕೇಳಿದಳು. ಉತ್ತರವಿರಲಿಲ್ಲ.

ಹೆಸರಿಗೆ ಮರುಳಾಗಬೇಡಿ

'ಶುಗರ್ ಫ್ರೀ' ಎಂದರೆ ಸಕ್ಕರೆ ಹಾಕಿಲ್ಲವೆಂದು ಮಾತ್ರ. ಮೈದಾ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿಯೇ ತೀರುತ್ತದೆ. ಖಾರಿಯಲ್ಲಿ ಮೈದಾದ ಜೊತೆ ಕೊಬ್ಬೂ ಇದೆ. 'ಡಯಟ್ ಚಿವಡಾ'ದಲ್ಲಿ ಹೆಚ್ಚಾಗಿ ಅವಲಕ್ಕಿಯೋ ಕಾರ್ನ್‌ಫ್ಲೇಕ್ಸೋ ಇರುತ್ತದೆ, ಜೊತೆಗೆ ಎಣ್ಣೆ, ಕೆಲವೊಮ್ಮೆ ಸಕ್ಕರೆ. ಚಕ್ಕುಲಿ, ಕೋಡುಬಳೆ ಅಕ್ಕಿಹಿಟ್ಟಿನ ಕರಿದ ತಿಂಡಿಗಳು. ಬೆಲ್ಲದ ಚಹಾ ಕುಡಿದರೆ ಏನೂ ಆಗದೆಂಬುದೂ ತಪ್ಪು, ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ.

ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಮೂರು ಚಹಾ ಕುಡಿದರೆ 30 ಗ್ರಾಂ, ವರ್ಷಕ್ಕೆ ಸುಮಾರು 11 ಕಿಲೋ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಜನಸಾಮಾನ್ಯರಿಗೆ ಹೇಳಿದ ಮಿತಿಯೇ ದಿನಕ್ಕೆ 20–25 ಗ್ರಾಂ.

ತಟ್ಟೆಯಲ್ಲಿ ಏನಿರಲಿ?

ಹೊಸದೇನೂ ಬೇಡ, ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲೇ ಇದೆ.

• ಉಸಳಿ: ಊರಿನಲ್ಲಿ ಕೆಲವರಿಗೆ ಗುಗ್ಗರಿ, ಇಲ್ಲಿ ಉಸಳ್. ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಂಜೆಗೆ ಮೊಳಕೆ. ಬೇಯಿಸಿ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಡಿ. ಮೇಲೆ ಸ್ವಲ್ಪ ಕಾಯಿತುರಿ, ಲಿಂಬೆರಸ. ಕಪ್ಪು ಕಡಲೆಯೂ ಆಗುತ್ತದೆ.

• ಕೋಸಂಬರಿ: ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕೊತ್ತಂಬರಿ, ಲಿಂಬೆ. ರಾಮನವಮಿಗಾಗಿ ಕಾಯಬೇಕಿಲ್ಲ.

• ಸಿಪ್ಪೆಸಹಿತ ಹುರಿದ ಕಡಲೆ, ಇಲ್ಲಿನ ಚಣೆ: ಒಂದು ಮುಷ್ಟಿ, ಅಂದರೆ ಸುಮಾರು 30 ಗ್ರಾಂ. ಪ್ರೋಟೀನೂ ಉಂಟು, ನಾರೂ ಉಂಟು.

• ಹುರಿದ ಶೇಂಗಾ: ಸಣ್ಣ ಮುಷ್ಟಿ ಸಾಕು. 30 ಗ್ರಾಂ ಶೇಂಗಾದಲ್ಲಿ 170ರಷ್ಟು ಕ್ಯಾಲೊರಿ ಇದೆ.

ಯಾವುದೇ ಆಗಲಿ, ಬಟ್ಟಲಿಗೆ ಹಾಕಿಕೊಂಡು ಡಬ್ಬಿಯ ಮುಚ್ಚಳ ಹಾಕಿ. ಟಿವಿಯ ಮುಂದೆ ಡಬ್ಬಿ ಹಿಡಿದು ಕುಳಿತವನ ಲೆಕ್ಕ ಎಂದೂ ತಾಳೆಯಾಗದು. ಅಂಗಾರಕಿಯಂದು ನಮ್ಮ ಮಹಾಗಣಪತಿಯ ಮೋದಕ ಬಂದರೆ ಬೇಡವೆನ್ನುವುದಿಲ್ಲ. ಅರ್ಧ ತಿನ್ನುತ್ತೇನೆ, ಅಂದು ರಾತ್ರಿ ಅನ್ನ ಬಿಡುತ್ತೇನೆ.

ಮೂರು ಎಚ್ಚರಿಕೆ

ಒಂದು: ಕಿಡ್ನಿ ತೊಂದರೆ ಇರುವವರು ಕಾಳು, ಶೇಂಗಾಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಎರಡು: ಬೆವರು, ನಡುಕ, ಕಣ್ಣು ಕತ್ತಲೆ ಬಂದು ಶುಗರ್ 70ಕ್ಕಿಂತ ಇಳಿದಿದ್ದರೆ ಉಸಳಿ ಕೆಲಸಕ್ಕೆ ಬಾರದು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಲೋಕಲ್ ಹತ್ತುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲಿ.

ಮೂರು: ತಿಂಡಿ ಸುಧಾರಿಸಿತೆಂದು ಮಾತ್ರೆಯನ್ನು ನೀವಾಗಿ ಬಿಡಬೇಡಿ.

ಕೊನೆಯದಾಗಿ

ಬಿಸ್ಕೆಟ್ ಫರಸಾಣಗಳ ಹಣವನ್ನು ಈಗ ಚಹಾಪುಡಿಯ ಪಕ್ಕದ ಚಿಕ್ಕ ಡಬ್ಬಿಗೆ ಹಾಕುತ್ತೇನೆ. ವರ್ಷಾಂತ್ಯಕ್ಕೆ ಅದು ನಮ್ಮ ನಿಧಿಗೆ. ಮೊತ್ತ ದೊಡ್ಡದಲ್ಲ, ಆದರೂ ಯಾರದೋ ಒಂದು ಡಯಾಲಿಸಿಸ್‌ಗೆ ಅಷ್ಟಿಷ್ಟು ಒದಗುತ್ತದೆ. ತಾವೂ ಇಂಥದೊಂದು ಡಬ್ಬಿ ಇಡಬೇಕೆಂದು ಕೋರುತ್ತೇನೆ. ಮುಂದೊಂದು ದಿನ ನೆರವಿನ ಅರ್ಜಿಗಳ ನಡುವೆ ತಮ್ಮ ಮನೆಯವರ ಹೆಸರನ್ನು ನಾನು ಓದುವಂತಾಗದಿರಲಿ.